ಪುರಸಭೆ ಸಾಮಾನ್ಯ ಸಭೆ: ನಿಮ್ಮ ಓಣಿ ಗಟಾರ ಠರಾವು ಆಗೋದು ಹೆಂಗ?

ಹುನಗುಂದ: ಪುರಸಭೆ ಸಾಮಾನ್ಯ ಸಭೆ ಅಂದ ಕೂಡಲೇ ಮರುದಿನ ಬರುವ ಸುದ್ದಿ ಹೆಚ್ಚಾಗಿ ಒಂದೇ ಥರ. ಸದಸ್ಯರ ನಡುವೆ ಮಾತಿನ ಚಕಮಕಿ, ಅಧಿಕಾರಿಗಳಿಗೆ ತರಾಟೆ, ನೀರಿನ ಸಮಸ್ಯೆ ಬಗ್ಗೆ ಆಕ್ರೋಶ. ಓದಿದವರು "ಇದ್ದದ್ದೇ ಬಿಡ್ರಿ" ಅಂತ ಮುಂದೆ ಹೋಗ್ತಾರೆ. ಆದರೆ ಅದೇ ಸಭೆಯಲ್ಲಿ, ಗದ್ದಲ ಮುಗಿದ ಮೇಲೆ ಹತ್ತು ನಿಮಿಷದಲ್ಲಿ ಮಂಜೂರಾಗುವ ವಿಷಯಗಳು ನಿಮ್ಮ ಮನೆ ಕರ, ನಿಮ್ಮ ಅಂಗಡಿ ಬಾಡಿಗೆ, ನಿಮ್ಮ ಓಣಿ ಗಟಾರ ಎಲ್ಲವನ್ನೂ ಮುಟ್ಟುತ್ತವೆ.

ಒಂದು ಮಾತು ಮೊದಲೇ ತಿಳಕೊಳ್ಳೋದು ಒಳ್ಳೇದು. ಸಭೆಯಲ್ಲಿ ಯಾರು ಎಷ್ಟು ಜೋರಾಗಿ ಮಾತಾಡಿದರು ಅನ್ನೋದು ಲೆಕ್ಕಕ್ಕಿಲ್ಲ. ನಡಾವಳಿ ಪುಸ್ತಕದಲ್ಲಿ ಏನು ಬರೆದರು ಅನ್ನೋದು ಮಾತ್ರ ಲೆಕ್ಕ. ಅದಕ್ಕೆ ನಮ್ಮ ಕಡೆ ಹಳೇ ಮುಂಬೈ ಸರ್ಕಾರದ ಕಾಲದಿಂದ ಬಂದ ಹೆಸರು ಠರಾವು. ಠರಾವು ಇಲ್ಲದ ಭರವಸೆ ಬರೀ ಬಾಯಿಮಾತು.

ಪುರಸಭೆ ಅಂದರೆ ಯಾರು?

ನಮ್ಮ ಸುತ್ತಮುತ್ತಲೇ ಮೂರು ಥರದ ಸಂಸ್ಥೆಗಳಿವೆ. ಅಮೀನಗಡದಲ್ಲಿ ಪಟ್ಟಣ ಪಂಚಾಯಿತಿ, ಹುನಗುಂದದಲ್ಲಿ ಪುರಸಭೆ, ಇಳಕಲ್ಲಿನಲ್ಲಿ ನಗರಸಭೆ. ಈ ವ್ಯತ್ಯಾಸ ಮುಖ್ಯವಾಗಿ ಜನಸಂಖ್ಯೆಯದು. ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರದ ಊರಿಗೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದ ಊರಿಗೆ ಪುರಸಭೆ, ಅದಕ್ಕೂ ಮೇಲಾದರೆ ನಗರಸಭೆ. 2011ರ ಜನಗಣತಿಯಲ್ಲಿ ಹುನಗುಂದ ಪಟ್ಟಣ 20 ಸಾವಿರ ದಾಟಿತ್ತು, ಇಳಕಲ್ 60 ಸಾವಿರ ದಾಟಿತ್ತು. ಮೂರಕ್ಕೂ ಕಾಯ್ದೆ ಒಂದೇ: ಕರ್ನಾಟಕ ಪುರಸಭೆಗಳ ಕಾಯ್ದೆ, 1964.

20ರಿಂದ 40 ಸಾವಿರ ಜನಸಂಖ್ಯೆಯ ಪುರಸಭೆಗೆ ವಾರ್ಡಿಗೊಬ್ಬರಂತೆ 23 ಚುನಾಯಿತ ಸದಸ್ಯರು. ಇವರ ಜೊತೆ ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಇರ್ತಾರೆ. ಅವರು ಮಾತಾಡಬಹುದು, ಮತ ಹಾಕುವಂತಿಲ್ಲ. ಕ್ಷೇತ್ರದ ಶಾಸಕರು ಮತ್ತು ಸಂಸದರಿಗೆ ಮತದ ಹಕ್ಕಿದೆ. ಅಧ್ಯಕ್ಷರ ಚುನಾವಣೆ ಬಂದಾಗ ಅವರು ಪುರಸಭೆಗೆ ಬಂದು ಕೈ ಎತ್ತೋದು ಅದಕ್ಕೇ.

ಇನ್ನೊಂದು ಕಡೆ ಮುಖ್ಯಾಧಿಕಾರಿ ಮತ್ತು ಸಿಬ್ಬಂದಿ. ನಗರಸಭೆಯಾದರೆ ಇದೇ ಹುದ್ದೆಗೆ ಪೌರಾಯುಕ್ತರು ಅಂತಾರೆ. ಮುಖ್ಯಾಧಿಕಾರಿ ಸಭೆಯಲ್ಲಿ ಕೂತು ವಿವರಣೆ ಕೊಡ್ತಾರೆ, ಮತ ಹಾಕೋದಿಲ್ಲ. ಸಭೆ ತೀರ್ಮಾನ ಮಾಡುತ್ತೆ, ಮುಖ್ಯಾಧಿಕಾರಿ ಜಾರಿ ಮಾಡ್ತಾರೆ. ಅದಕ್ಕೇ "ಸದಸ್ಯರು ಹೇಳಿದ್ರು, ಆದ್ರೂ ಆಗ್ಲಿಲ್ಲ" ಅನ್ನುವ ದೂರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಸದಸ್ಯರು ಎಲ್ಲಿ ಹೇಳಿದರು? ಚಹಾದ ಅಂಗಡಿಯಲ್ಲೋ, ಸಭೆಯಲ್ಲೋ?

ಅಜೆಂಡಾದಲ್ಲಿ ಏನಿರುತ್ತೆ?

ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೀಬೇಕು ಅನ್ನೋದು ಕಾಯ್ದೆ. ಏಳು ದಿನ ಮೊದಲು ಸದಸ್ಯರ ಕೈಗೆ ನೋಟಿಸು ಮತ್ತು ವಿಷಯಪಟ್ಟಿ ಸೇರಬೇಕು. ತುರ್ತು ಇದ್ದರೆ ವಿಶೇಷ ಸಭೆ. ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಬರವಣಿಗೆಯಲ್ಲಿ ಕೇಳಿದರೂ ಅಧ್ಯಕ್ಷರು ವಿಶೇಷ ಸಭೆ ಕರೀಬೇಕು.

ವಿಷಯಪಟ್ಟಿಯ ಭಾಷೆ ಓದಿದರೆ ಸಪ್ಪೆ ಅನಿಸುತ್ತೆ. ಆದರೆ ಒಂದೊಂದು ಸಾಲಿನ ಹಿಂದೆ ರೊಕ್ಕ ಇದೆ.

"ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು": ಹೋದ ಸಲ ಏನು ತೀರ್ಮಾನ ಆಯಿತು ಅನ್ನೋದನ್ನು ಖಾಯಂ ಮಾಡುವ ಸಾಲು. ಬಿಟ್ಟುಹೋದದ್ದು, ತಪ್ಪಾಗಿ ಬರೆದದ್ದು ಇದ್ದರೆ ಸದಸ್ಯರು ಇಲ್ಲೇ ತಕರಾರು ಎತ್ತಬೇಕು.

"ಜಮಾ-ಖರ್ಚು ಓದಿ ಮಂಜೂರು ಮಾಡುವುದು": ತಿಂಗಳಲ್ಲಿ ಬಂದ ಕರ ಎಷ್ಟು, ಪೈಪು, ಮೋಟಾರು, ಬ್ಲೀಚಿಂಗ್ ಪೌಡರು, ಡೀಸೆಲ್ ಅಂತ ಹೋದದ್ದು ಎಷ್ಟು. ಬಹಳ ಕಡೆ ಈ ವಿಷಯ ಓದಿದಷ್ಟೇ ವೇಗದಲ್ಲಿ ಮುಗಿದುಹೋಗುತ್ತೆ. ಹೆಚ್ಚು ಪ್ರಶ್ನೆ ಬರಬೇಕಾದದ್ದು ಇಲ್ಲಿಯೇ.

"ಟೆಂಡರ್ ದರಗಳ ಮಂಜೂರಾತಿ", "ಕ್ರಿಯಾಯೋಜನೆ ತಯಾರಿಸುವುದು": ಯಾವ ವಾರ್ಡಿಗೆ ಯಾವ ಕೆಲಸ ಅನ್ನೋದು ನಿರ್ಧಾರ ಆಗುವ ಜಾಗ.

"ಬಂದ ಅರ್ಜಿಗಳ ಬಗ್ಗೆ ವಿಚಾರ": ನೀವು ಕೊಟ್ಟ ಅರ್ಜಿ ಸಭೆಗೆ ಬರೋದಾದರೆ ಇಲ್ಲಿ ಬರುತ್ತೆ.

ಕೊನೆಗೆ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು". ಪಟ್ಟಿಯಲ್ಲಿ ಇಲ್ಲದ ವಿಷಯ ಈ ಬಾಗಿಲಿನಿಂದ ಒಳಗೆ ಬರುತ್ತೆ. ಹೀಗೆ ಬಂದದ್ದನ್ನು ಯಾರೂ ಮುಂಚಿತವಾಗಿ ಓದಿರೋದಿಲ್ಲ. ಆದ್ದರಿಂದ ದೊಡ್ಡ ಖರ್ಚಿನ ವಿಷಯ ಇಲ್ಲಿ ಕಂಡರೆ ಸದಸ್ಯರನ್ನು ಕೇಳೋದರಲ್ಲಿ ತಪ್ಪಿಲ್ಲ.

ಒಮ್ಮತ ಇಲ್ಲದಿದ್ದರೆ ಬಹುಮತ. ಮತ ಸಮ ಬಂದರೆ ಅಧ್ಯಕ್ಷರಿಗೆ ಇನ್ನೊಂದು ಮತ.

ಠರಾವು ಆಯ್ತು, ಕೆಲಸ ಯಾಕ ಆಗ್ಲಿಲ್ಲ?

ಒಂದು ಉದಾಹರಣೆ ತಗೊಳ್ಳೋಣ. ಯಾವುದೋ ಒಂದು ಓಣಿಯಲ್ಲಿ ಗಟಾರ ಒಡೆದು ಹೊಲಸು ನೀರು ಅಂಗಡಿಗಳ ಮುಂದೆ ನಿಲ್ಲುತ್ತೆ ಅಂದುಕೊಳ್ಳಿ. ಓಣಿಯವರು ಅರ್ಜಿ ಕೊಟ್ಟರು, ವಾರ್ಡಿನ ಸದಸ್ಯರು ಸಭೆಯಲ್ಲಿ ಎತ್ತಿದರು, ಠರಾವು ಆಯ್ತು. ಅಲ್ಲಿಂದ ಮುಂದೆ ಫೈಲು ಹೋಗುವ ದಾರಿ ಹೀಗೆ: ಇಂಜಿನಿಯರು ಜಾಗ ನೋಡಿ ಅಂದಾಜು ಪಟ್ಟಿ ಮಾಡಬೇಕು. ಯಾವ ಅನುದಾನದಲ್ಲಿ ಅಂತ ಗುರುತಿಸಿ ಕ್ರಿಯಾಯೋಜನೆಗೆ ಸೇರಿಸಬೇಕು. ಕ್ರಿಯಾಯೋಜನೆಗೆ ಬಾಗಲಕೋಟೆಯ ಜಿಲ್ಲಾಧಿಕಾರಿ ಕಚೇರಿಯಿಂದ, ಅಂದರೆ ಅಲ್ಲಿನ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ, ಮಂಜೂರಾತಿ ಬರಬೇಕು. ಆಮೇಲೆ ಟೆಂಡರ್, ದರ ಮಂಜೂರಾತಿ, ಕಾರ್ಯಾದೇಶ. ಆಮೇಲೆ ಗುತ್ತಿಗೆದಾರ ಜೆಸಿಬಿ ತರಬೇಕು.

ಇದರಲ್ಲಿ ಎಲ್ಲಿ ಬೇಕಾದರೂ ಫೈಲು ನಿಲ್ಲಬಹುದು. ಹಾಗಾಗಿ ಕಚೇರಿಗೆ ಹೋಗಿ "ನಮ್ಮ ಕೆಲಸ ಯಾವಾಗ ಆಗ್ತದ್ರಿ?" ಅಂತ ಕೇಳಿದರೆ "ಆಗ್ತದ ಹೋಗ್ರಿ" ಅನ್ನೋ ಉತ್ತರ ಬರುತ್ತೆ. "ಅಂದಾಜು ಪಟ್ಟಿ ಆಗೇತೇನ್ರಿ? ಯಾವ ಅನುದಾನಕ್ಕೆ ಹಾಕೀರಿ?" ಅಂತ ಕೇಳಿದರೆ ಖರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ಠರಾವೇ ಕೊನೆ ಮಾತು ಅಂತಾನೂ ಅಲ್ಲ. ಕಾನೂನಿಗೆ ವಿರುದ್ಧವಾದ ಠರಾವನ್ನು ತಡೆಹಿಡಿಯುವ ಅಧಿಕಾರ ಕಾಯ್ದೆಯ 306ನೇ ಕಲಮಿನಡಿ ಜಿಲ್ಲಾಧಿಕಾರಿಗಿದೆ.

ರೊಕ್ಕ ಎಲ್ಲಿಂದ ಬರುತ್ತೆ?

"ಅನುದಾನ ಇಲ್ರಿ" ಅನ್ನೋದು ಕೆಲವೊಮ್ಮೆ ನೆಪ, ಕೆಲವೊಮ್ಮೆ ಖರೆ. ಬಂದ ಅನುದಾನವನ್ನು ಮನಸ್ಸಿಗೆ ಬಂದ ಕೆಲಸಕ್ಕೆ ಹಾಕಲು ಬರೋದಿಲ್ಲ. 15ನೇ ಹಣಕಾಸು ಆಯೋಗದ ರೊಕ್ಕವನ್ನೇ ನೋಡಿ. 2021-22ರಿಂದ 2025-26ರವರೆಗೆ ನಮ್ಮಂಥ ಊರುಗಳಿಗೆ ಬಂದ ಈ ಅನುದಾನದಲ್ಲಿ ಶೇ 30 ಕುಡಿಯುವ ನೀರಿಗೆ, ಶೇ 30 ಸ್ವಚ್ಛತೆ ಮತ್ತು ಕಸ ವಿಲೇವಾರಿಗೆ ಅಂತ ಮೊದಲೇ ಕಟ್ಟಿಟ್ಟದ್ದು. ಸ್ಥಳೀಯ ಅಗತ್ಯಕ್ಕೆ ಉಳಿದದ್ದು ಶೇ 40.

ಪುರಸಭೆ ಸ್ವಂತ ನಿಧಿಯಲ್ಲೂ ಪಾಲು ಇದೆ. ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ. ಹೊಲಿಗೆ ಯಂತ್ರ, ವಿದ್ಯಾರ್ಥಿಗಳಿಗೆ ಸಹಾಯಧನ, ತ್ರಿಚಕ್ರ ವಾಹನ ಇವೆಲ್ಲ ಬರೋದು ಇಲ್ಲಿಂದ. ಅರ್ಜಿ ಕರೆದದ್ದು ಗೊತ್ತಾಗದೆ ಅರ್ಹರು ತಪ್ಪಿಸಿಕೊಳ್ಳಬಾರದು. ಪುರಸಭೆ ನೋಟಿಸ್ ಬೋರ್ಡಿನ ಮೇಲೆ ಕಣ್ಣಿಡೋದು ಒಳ್ಳೇದು.

ಇನ್ನು ಮನೆ ಕರ. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. 2,000 ರೂ. ಕರ ಇರುವವರು ಏಪ್ರಿಲ್‌ನಲ್ಲಿ ಕಟ್ಟಿದರೆ 100 ರೂ. ಉಳೀತು. ಮಾರ್ಚ್ ತನಕ ಬಿಟ್ಟರೆ ಒಂಬತ್ತು ತಿಂಗಳಿಗೆ 360 ರೂ. ಹೆಚ್ಚು ಕೊಡಬೇಕು. ಕರದ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಬೇರೆ. ಈ ಮೂರೂ ಪುರಸಭೆ ವಸೂಲಿ ಮಾಡಿದರೂ ಅದರ ಸ್ವಂತ ಆದಾಯ ಅಲ್ಲ. ಕರವನ್ನು ಈ ವರ್ಷ ಶೇ 3 ಹೆಚ್ಚಿಸಬೇಕೋ ಶೇ 5 ಹೆಚ್ಚಿಸಬೇಕೋ ಅನ್ನುವ ವಿಷಯ ಸಾಮಾನ್ಯ ಸಭೆಗೇ ಬರುತ್ತೆ.

ವ್ಯಾಪಾರಸ್ಥರು ನೋಡಬೇಕಾದದ್ದು

ಪುರಸಭೆ ಮಳಿಗೆ ಹಿಡಿದವರಿಗೆ ಎಲ್ಲಕ್ಕಿಂತ ಮುಖ್ಯ ಲೀಸ್ ಅವಧಿ. ಹನ್ನೆರಡು ವರ್ಷ ಮುಗಿದ ಮಳಿಗೆಗಳನ್ನು ಮತ್ತೆ ಹರಾಜು ಮಾಡಬೇಕು ಅನ್ನೋದು ಸರ್ಕಾರದ ನಿಯಮ. ಹಳೇ ಬಾಡಿಗೆಯಲ್ಲಿ ವರ್ಷಗಟ್ಟಲೆ ಕೂತವರಿಗೆ ಇದು ನುಂಗಲಾರದ ತುತ್ತು. ಹೊಸದಾಗಿ ಅಂಗಡಿ ಹಾಕಬೇಕು ಅನ್ನೋ ಹುಡುಗರಿಗೆ ಇದೊಂದೇ ಅವಕಾಶ. ಎರಡೂ ಕಡೆ ನ್ಯಾಯ ಇದೆ. ಅದಕ್ಕೇ ಹರಾಜಿನ ವಿಷಯ ಅಜೆಂಡಾಕ್ಕೆ ಬಂದಾಗ ಠೇವಣಿ ಎಷ್ಟು, ಕನಿಷ್ಠ ಬಾಡಿಗೆ ಎಷ್ಟು, ಮೀಸಲು ಮಳಿಗೆ ಯಾವುವು ಅನ್ನೋದನ್ನು ಸಭೆಗಿಂತ ಮೊದಲೇ ಕೇಳಿ ತಿಳಕೊಳ್ಳಿ. ಹರಾಜಿನ ದಿನ ಜಗಳ ತೆಗೆದರೆ ಪ್ರಯೋಜನ ಇಲ್ಲ.

ಲೈಸೆನ್ಸ್ ಬೇರೆ ವಿಷಯ. ಅದು ವರ್ಷ ವರ್ಷ ನವೀಕರಣ ಆಗಬೇಕು. ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕೇಂದ್ರ ಕಾಯ್ದೆಯ ರಕ್ಷಣೆ ಇದೆ. ಸಮೀಕ್ಷೆಯಲ್ಲಿ ಹೆಸರು ಸೇರಿ ಗುರುತಿನ ಚೀಟಿ ಇದ್ದವರನ್ನು ನೋಟಿಸ್ ಇಲ್ಲದೆ ಎಬ್ಬಿಸುವಂತಿಲ್ಲ.

ಸಭೆಗೆ ಹೋಗಬೇಕಿಲ್ಲದ ಕೆಲಸ

ಖಾತಾ ಬದಲಾವಣೆ, ಜನನ-ಮರಣ ಪ್ರಮಾಣಪತ್ರ, ವ್ಯಾಪಾರ ಪರವಾನಗಿ ಇಂಥವುಗಳಿಗೆ ಠರಾವು ಬೇಡ, ಸದಸ್ಯರ ಶಿಫಾರಸೂ ಬೇಡ. ಇವು ಸಕಾಲ ಕಾಯ್ದೆಯಡಿ ಬರುವ ಸೇವೆಗಳು. ಅರ್ಜಿ ಕೊಟ್ಟಾಗ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೀರಿ. ಗಡುವು ಮೀರಿದರೆ ಅದೇ ಸಂಖ್ಯೆ ಮೇಲೆ ಮೇಲ್ಮನವಿ ಹಾಕಬಹುದು. "ಮುಂದಿನ ಮೀಟಿಂಗಿಗೆ ಇಡ್ತೀವಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೆಲವು ಕೆಲಸ ಪುರಸಭೆಯದೇ ಅಲ್ಲ. ಬೀದಿ ದೀಪ ಪುರಸಭೆಯದು, ಟ್ರಾನ್ಸ್‌ಫಾರ್ಮರ್ ಹೆಸ್ಕಾಂನದು. ಓಣಿ ರಸ್ತೆ ಪುರಸಭೆಯದು, ರಾಷ್ಟ್ರೀಯ ಹೆದ್ದಾರಿ 50 ಹೆದ್ದಾರಿ ಇಲಾಖೆಯದು. ತಪ್ಪು ಬಾಗಿಲು ಬಡಿದರೆ ತಿಂಗಳು ಹಾಳು.

ಸದಸ್ಯರೇ ಇಲ್ಲದಾಗ?

ಪುರಸಭೆ ಅವಧಿ ಐದು ವರ್ಷ, ಅದೂ ಮೊದಲ ಸಭೆಯಿಂದ ಲೆಕ್ಕ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ಆಯಿತು. ಆದರೆ ಅಧ್ಯಕ್ಷ-ಉಪಾಧ್ಯಕ್ಷ ಮೀಸಲಾತಿ ತಕರಾರು ಕೋರ್ಟಿಗೆ ಹೋಗಿ, ಪಟ್ಟಿ ಹೊರಬಿದ್ದದ್ದು 2020ರ ಅಕ್ಟೋಬರ್‌ನಲ್ಲಿ. ಗೆದ್ದವರು ಎರಡು ವರ್ಷ ಸಭೆಯೇ ಇಲ್ಲದೆ ಕೂತರು. ಮೊದಲ 30 ತಿಂಗಳು 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿ.

ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರು ಆಡಳಿತಾಧಿಕಾರಿ ಆಗ್ತಾರೆ. ಸಭೆಯ ಅಧಿಕಾರ ಎಲ್ಲಾ ಅವರೊಬ್ಬರ ಸಹಿಯಲ್ಲಿ ಇರುತ್ತೆ. ಕೆಲಸ ನಿಲ್ಲೋದಿಲ್ಲ, ಕೆಲವೊಮ್ಮೆ ಬೇಗನೂ ಆಗುತ್ತೆ. ಆದರೆ "ನಮ್ಮ ವಾರ್ಡಿಗೆ ಯಾಕಿಲ್ಲ?" ಅಂತ ಎದ್ದು ನಿಂತು ಕೇಳುವವರು ಒಬ್ಬರೂ ಇರೋದಿಲ್ಲ. ಕರ ಹೆಚ್ಚಿಸುವ ತೀರ್ಮಾನಕ್ಕೂ ಎದುರು ಮಾತಿಲ್ಲ. ಅಂಥ ಕಾಲದಲ್ಲಿ ಜನರ ಅರ್ಜಿಯೇ ಸದಸ್ಯರ ದನಿ.

ನೀವೇನು ಮಾಡಬಹುದು?

ಒಂದು, ಅರ್ಜಿ ಬರವಣಿಗೆಯಲ್ಲಿ ಕೊಡಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ವಾರ್ಡ್ ಸಂಖ್ಯೆ, ಜಾಗದ ಗುರುತು, ಎರಡು ಫೋಟೋ, ಓಣಿಯ ಹತ್ತು ಮಂದಿ ಸಹಿ. "ಸಾಮಾನ್ಯ ಸಭೆಯ ಮುಂದೆ ಇಡಬೇಕು" ಅಂತ ಸ್ಪಷ್ಟ ಬರೀರಿ.

ಎರಡು, ನಕಲು ಪ್ರತಿ ಮೇಲೆ ಕಚೇರಿ ಶಿಕ್ಕೆ, ಆವಕ ಸಂಖ್ಯೆ, ತಾರೀಖು ಹಾಕಿಸಿಕೊಳ್ಳಿ. ಶಿಕ್ಕೆ ಇಲ್ಲದ ಅರ್ಜಿ ಕೊಟ್ಟೂ ಕೊಡದಂಗ.

ಮೂರು, ಸಭೆಗೆ ಹತ್ತು ಹದಿನೈದು ದಿನ ಮೊದಲು ವಾರ್ಡ್ ಸದಸ್ಯರಿಗೆ ಪ್ರತಿ ಕೊಡಿ. ಅಜೆಂಡಾ ಹಂಚಿದ ಮೇಲೆ ಕೊಟ್ಟರೆ ಮುಂದಿನ ತಿಂಗಳಿಗೆ ಹೋಗುತ್ತೆ.

ನಾಲ್ಕು, ಸಭೆ ಆದ ಮೇಲೆ ಠರಾವು ಸಂಖ್ಯೆ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂ. ಶುಲ್ಕ ಕಟ್ಟಿ ನಡಾವಳಿ ಪ್ರತಿ ಕೇಳಬಹುದು. ಪುಟಕ್ಕೆ 2 ರೂ. 30 ದಿನದೊಳಗೆ ಉತ್ತರ ಕೊಡಬೇಕು.

ಐದು, ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನೂ ವ್ಯಾಪಾರಸ್ಥರನ್ನೂ ಕರೀತಾರೆ. ಸಾಮಾನ್ಯ ಸಭೆಯಲ್ಲಿ ನಮಗೆ ಮಾತಾಡುವ ಅವಕಾಶ ಇಲ್ಲ, ಇಲ್ಲಿ ಇದೆ. ಆದರೆ ಖುರ್ಚಿಗಳು ಖಾಲಿ ಇರ್ತವೆ. ಅಂಗಡಿ ಎರಡು ತಾಸು ಬಂದ್ ಇಟ್ಟು ಹೋದರೂ ನಷ್ಟ ಇಲ್ಲ. ಬಜೆಟ್‌ನಲ್ಲಿ ಹೆಸರು ಸೇರಿದ ಕೆಲಸಕ್ಕೆ ವರ್ಷದ ಕೊನೆಗೆ "ಅನುದಾನ ಇಲ್ಲ" ಅನ್ನೋದು ಅಷ್ಟು ಸುಲಭ ಅಲ್ಲ.