ವಸತಿಯ ನಡುವಣ ಗ್ಯಾರೇಜು: ಸದ್ದು ಮತ್ತು ನೆಲ

ಮನೆಗಳ ನಡುವೆ ಮೋಟಾರು ದುರಸ್ತಿಯ ಗ್ಯಾರೇಜು ನಡೆಯುವೆಡೆ ನೆರೆಯವರ ಮೊದಲ ದೂರು ಸಾಮಾನ್ಯವಾಗಿ ಸದ್ದಿನದು. ಇಂತಹ ವ್ಯಾಜ್ಯಗಳಿಗೆ ದೀರ್ಘ ಇತಿಹಾಸವುಂಟು. ಲಂಡನ್ನಿನ ಮಿಠಾಯಿಗಾರನೊಬ್ಬನ ಒರಳುಗಳ ಸದ್ದಿನ ವಿರುದ್ಧ ನೆರೆಯ ವೈದ್ಯನು ಹೂಡಿದ ಮೊಕದ್ದಮೆಯು 1879ರಲ್ಲಿ ತೀರ್ಮಾನವಾಯಿತು. ಇಪ್ಪತ್ತು ವರ್ಷಗಳಿಗೂ ಮೀರಿ ನಡೆದುಬಂದ ಕಸುಬೆಂಬ ವಾದವನ್ನು ನ್ಯಾಯಾಲಯವು ಮನ್ನಿಸದೆ, ಉಪದ್ರವವನ್ನು ಆಯಾ ಪ್ರದೇಶದ ಸ್ವರೂಪಕ್ಕನುಗುಣವಾಗಿ ಅಳೆಯಬೇಕೆಂದಿತು. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳೂ ಪ್ರದೇಶಭೇದವನ್ನೇ ಆಧರಿಸಿವೆ: ವಸತಿಗೆ ಹಗಲು 55, ರಾತ್ರಿ 45 ಡೆಸಿಬೆಲ್, ಕೈಗಾರಿಕಾ ಪ್ರದೇಶಕ್ಕೆ ಕ್ರಮವಾಗಿ 75, 70.

ಆದರೆ ಸದ್ದು ಸುತ್ತಿಗೆಯೊಡನೆ ನಿಲ್ಲುತ್ತದೆ. ನೆಲಕ್ಕೆ ಚೆಲ್ಲಿದ ಹಳೆಯ ಎಂಜಿನ್ ಎಣ್ಣೆಯೂ ಬ್ಯಾಟರಿಯ ಸೀಸವೂ ಹಾಗಲ್ಲ. ಎಣ್ಣೆಯು ಕೆಳಗಿಳಿದು ಬಾವಿಯ ನೀರನ್ನು ಕೆಡಿಸಬಲ್ಲದು. ಸೀಸವು ಧಾತುವಾದುದರಿಂದ ಕೊಳೆತು ನಾಶವಾಗದು. ಮೇಲ್ಮಣ್ಣಿನಲ್ಲಿ ಉಳಿದು, ಆಡುವ ಮಕ್ಕಳ ಕೈಯಿಂದ ಬಾಯಿಗೆ ಸೇರಿದರೆ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸಬಲ್ಲದು.

1996ರ ವೆಲ್ಲೂರು ಚರ್ಮೋದ್ಯಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾಲಿನ್ಯಕ್ಕೆ ಕಾರಣನಾದವನು ಪೀಡಿತರಿಗೆ ಪರಿಹಾರವನ್ನಲ್ಲದೆ ಕೆಟ್ಟ ಪರಿಸರವನ್ನು ಸರಿಪಡಿಸುವ ವೆಚ್ಚವನ್ನೂ ತೆರಬೇಕೆಂದು ಸಾರಿತು. ಆದುದರಿಂದ ಗ್ಯಾರೇಜು ತೆರವಾದೊಡನೆ ವ್ಯಾಜ್ಯವು ಮುಗಿಯಿತೆಂದು ನಾವು ಭಾವಿಸಲಾಗದು. ಸದ್ದಡಗಿದ ಮೇಲೆ ಆ ನೆಲದ ಮಣ್ಣನ್ನು ಪರೀಕ್ಷಿಸುವಂತೆಯೂ ನಾವು ಕೇಳಬೇಕು.