ಹೊಗೆ ಹಿಡಿದು ಸೋಡಾ ಮಾಡಿದರು!

ತ್ರಿಪ್ಲಿಕೇನ್‌ನ ಗಲ್ಲಿಗಳಿಂದ ಮರೀನಾದ ಮರಳಿಗೆ ಇಳಿದರೆ ಕಡಲಿಗಿಂತ ಮೊದಲು ಮೂಗಿಗೆ ಬಡಿಯುವುದು ಮೆಣಸಿನಕಾಯಿ ಬಜ್ಜಿ. ಅಂಗಡಿಯಮ್ಮ ಹಿಟ್ಟಿಗೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರು. ಬಾಣಲೆಗೆ ಬಿದ್ದ ಬಜ್ಜಿ ಬುಸ್ಸೆಂದು ಉಬ್ಬಿತು. ಉಬ್ಬಿಸಿದ್ದು ಯಾರು ಗೊತ್ತೇ? ಇಂಗಾಲದ ಡೈಆಕ್ಸೈಡ್! ಕಲ್ಲಿದ್ದಲ ಚಿಮಣಿಗಳಿಂದ ಹೊರಟು ಲೋಕದ ನಿದ್ದೆ ಕೆಡಿಸಿರುವ ಅದೇ ಅನಿಲ, ಸೋಡಾದೊಳಗೆ ಕಟ್ಟುಬಿದ್ದು ಕೂತಿರುತ್ತದೆ.

ಹಾಗಾದರೆ ಚಿಮಣಿಯ ಹೊಗೆಯಿಂದಲೇ ಸೋಡಾ ಮಾಡಿದರೆ? ನಗಬೇಡಿ, ಮಾಡಿದ್ದಾರೆ! ಇದೇ ತಮಿಳುನಾಡಿನ ತೂತ್ತುಕುಡಿಯಲ್ಲಿ, 2016ರಲ್ಲಿ. ತೂತ್ತುಕುಡಿ ಆಲ್ಕಲಿ ಕಾರ್ಖಾನೆಯ ಕಲ್ಲಿದ್ದಲ ಬಾಯ್ಲರ್‌ನ ಹೊಗೆ ಗೋಪುರದೊಳಗೆ ಮೇಲೇರುತ್ತದೆ. ಎದುರಿಗೆ ಅಮೀನ್ ಎಂಬ ರಾಸಾಯನಿಕ ಬೆರೆತ ದ್ರಾವಣ ಮಳೆಯಂತೆ ಸುರಿಯುತ್ತದೆ. ದ್ರಾವಣ ಇಂಗಾಲದ ಡೈಆಕ್ಸೈಡನ್ನು ಮಾತ್ರ ಹೆಕ್ಕಿ ಅಪ್ಪಿಕೊಳ್ಳುತ್ತದೆ. ಕಾಯಿಸಿದರೆ ಬಿಟ್ಟುಕೊಡುತ್ತದೆ. ಉಪ್ಪು, ಅಮೋನಿಯಾ ಜೊತೆ ಸೇರಿ ಆ ಅನಿಲ ಮೊದಲು ನಮ್ಮ ಅಡುಗೆ ಸೋಡಾದ ರೂಪ ತಾಳಿ, ಮತ್ತೆ ಕಾದು ಸೋಡಾ ಆ್ಯಶ್ ಆಗುತ್ತದೆ: ಗಾಜಿಗೆ, ಬಟ್ಟೆ ತೊಳೆಯುವ ಪುಡಿಗೆ ಬೇಕಾದದ್ದು. ದ್ರಾವಣದ ಹಿಂದಿನ ಕೈಚಳಕ ಖರಗ್‌ಪುರ ಐಐಟಿಯಲ್ಲಿ ಓದಿದ ಅನಿರುದ್ಧ ಶರ್ಮ ಮತ್ತು ಪ್ರತೀಕ್ ಬಂಬ್ ಅವರ ಕಂಪನಿಯದು. ಸರ್ಕಾರದ ಸಬ್ಸಿಡಿ ಇರಲಿಲ್ಲ. ಮಾಲೀಕರಂತೂ ಭೂಮಿ ಉಳಿಸಲು ಹೊರಟವರಲ್ಲ. ಅನಿಲದ ಸರಬರಾಜು ಕೈಕೊಡಬಾರದು, ಅಷ್ಟೇ ಅವರ ಚಿಂತೆ! ವರ್ಷಕ್ಕೆ 60,000 ಟನ್ ಹಿಡಿಯುವುದು ಆಗಿನ ಗುರಿ.

ಅರವತ್ತು ಸಾವಿರ ಟನ್! ಕುಣಿಯುವಂತಾಯಿತು. ಬಜ್ಜಿ ಆರುವ ಮೊದಲೇ ಲೆಕ್ಕಕ್ಕೆ ಕೂತೆ, ತಪ್ಪು ಮಾಡಿದೆ. ನಮ್ಮ ರಾಯಚೂರು ಶಾಖೋತ್ಪನ್ನ ಕೇಂದ್ರದ 1,720 ಮೆಗಾವಾಟ್ ಪೂರ್ತಿ ಓಡಿದರೆ ಇಷ್ಟು ಉಗುಳಲು ಎರಡು ದಿನವೂ ಬೇಡ. ಮೇಲಾಗಿ ಸೋಡಾ ಆ್ಯಶ್ ಗಾಜಿನ ಕುಲುಮೆ ಸೇರಿತೆಂದರೆ ಕಟ್ಟುಬಿದ್ದ ಅನಿಲ ಬಿಡಿಸಿಕೊಂಡು ಮತ್ತೆ ಆಕಾಶಕ್ಕೆ, ನನ್ನ ಬಜ್ಜಿಯೊಳಗಿನದರ ಹಾಗೆಯೇ! ‘ಶುದ್ಧ ಕಲ್ಲಿದ್ದಲು’ ಎಂಬ ಮಾತಿನ ಜಗಳವೆಲ್ಲ ಇಲ್ಲೇ ಇದೆ: ಹಿಡಿಯಬಹುದು, ಆದರೆ ಎಲ್ಲಿ ಇಡುವುದು, ಎಷ್ಟು ಕಾಲ? ಹಿಡಿದದ್ದನ್ನು ಬಿಡಿಸಲು ಬೇಕಾದ ಉಗಿಗೂ ಮತ್ತಷ್ಟು ಇಂಧನ ಸುಡಬೇಕು. ನನ್ನ ಮಟ್ಟಿಗೆ ‘ಶುದ್ಧ’ ಎನ್ನುವುದು ದೊಡ್ಡ ಮಾತಾಯಿತು. ಬೆರಗು ಮಾತ್ರ ಇಳಿಯಲೊಲ್ಲದು.

ಬೆರಗು ತ್ರಿಪ್ಲಿಕೇನ್‌ನ ಈ ಕೇರಿಗೆ ಹೊಸದೂ ಅಲ್ಲ. ಕಡಲಿಗೆ ಮುಖ ಮಾಡಿ ನಿಂತ ದುಂಡನೆಯ ಕಟ್ಟಡ ನೋಡಿ: ಐಸ್ ಹೌಸ್, 1842ರದ್ದು. ಅಮೆರಿಕದ ಕೆರೆಗಳ ಮಂಜುಗಡ್ಡೆ, ಮರದ ಹೊಟ್ಟಿನಲ್ಲಿ ಸುತ್ತಿಕೊಂಡು, ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ಇಲ್ಲಿ ದಾಸ್ತಾನಾಗುತ್ತಿತ್ತು! ಆ ವ್ಯಾಪಾರವನ್ನು ಕರಗಿಸಿದ್ದು ಬಿಸಿಲಲ್ಲ, ಇಲ್ಲೇ ಮಂಜುಗಡ್ಡೆ ತಯಾರಿಸುವ ಉಗಿಯಂತ್ರ. ಬೆಂಕಿ ಹಚ್ಚಿ ಮಂಜು! 1897ರಲ್ಲಿ ವಿವೇಕಾನಂದರು ಬಂದು ತಂಗುವಷ್ಟರಲ್ಲಿ ಆ ಗೋದಾಮು ವಾಸದ ಮನೆಯಾಗಿತ್ತು.

ಅಂಗಡಿಯಮ್ಮ ಇನ್ನೊಂದು ಹಿಡಿ ಹಿಟ್ಟು ಕಲಸುತ್ತಿದ್ದರು. ಈ ಸಲ ಚಿಟಿಕೆ ಸೋಡಾ ಬೀಳುವುದನ್ನು ಎವೆಯಿಕ್ಕದೆ ನೋಡಿದೆ.