ಯಂತ್ರದ ನುಡಿ ಬದಲಾದರೆ ಹಾಡಿನ ಗತಿಯೇನು?

ಇಂದಿನ ಸಂಗೀತಗಾರನಿಗೆ ಕಂಪ್ಯೂಟರು ಒಂದು ವಾದ್ಯಶಾಲೆಯೇ ಆಗಿದೆ. ತಂಬೂರಿಯ ಶ್ರುತಿ, ಪಿಯಾನೋವಿನ ನಾದ, ವಿಶಾಲ ಸಭಾಂಗಣದ ಪ್ರತಿಧ್ವನಿ ಇವೆಲ್ಲವನ್ನೂ ತಂತ್ರಾಂಶವೇ ಒದಗಿಸಬಲ್ಲುದು. ಆದರೆ ಹಳೆಯ ಕಂಪ್ಯೂಟರನ್ನು ಬಿಟ್ಟು ಬೇರೆ ಜಾತಿಯ ಪ್ರೊಸೆಸರುಳ್ಳ ಹೊಸದನ್ನು ಕೊಂಡಾಗ, ನಿನ್ನೆಯವರೆಗೆ ನುಡಿಯುತ್ತಿದ್ದ ಹಾಡಿನಲ್ಲಿ ಕೆಲವು ವಾದ್ಯಗಳು ಮೂಕವಾಗುವುದುಂಟು. ಕಡತವೂ ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ. ಹೀಗಿದ್ದೂ ನಾದ ನಿಂತುದೇಕೆ ಎಂಬುದನ್ನು ವಿಚಾರಿಸೋಣ.

ಪ್ರೊಸೆಸರು ಕಂಪ್ಯೂಟರಿನ ಲೆಕ್ಕಿಗ. ಕೂಡಿಸು, ಗುಣಿಸು, ಹೋಲಿಸು ಎಂಬ ಆದೇಶಗಳು ಅದಕ್ಕೆ ಸಂಖ್ಯೆಗಳ ರೂಪದಲ್ಲಿ ಬರಬೇಕು. ಯಾವ ಆದೇಶಕ್ಕೆ ಯಾವ ಸಂಖ್ಯೆ ಎಂಬ ಕಟ್ಟಳೆಯೇ ಅದರ ನುಡಿ. ಇಂಟೆಲ್ ಸಂಸ್ಥೆ 1978ರಲ್ಲಿ ಹೊರತಂದ 8086 ಎಂಬ ಪ್ರೊಸೆಸರಿನ ವಂಶಕ್ಕೆ ಒಂದು ನುಡಿ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯಲ್ಲಿ 1985ರಲ್ಲಿ ಹುಟ್ಟಿದ ಆರ್ಮ್ ವಂಶಕ್ಕೆ ಇನ್ನೊಂದು. ಇಂಟೆಲ್ ನುಡಿಯಲ್ಲಿ ಒಂದು ಆದೇಶ 1 ಬೈಟಿನಿಂದ 15 ಬೈಟುಗಳವರೆಗೆ ಉದ್ದವಿರಬಹುದು. ಇಂದಿನ 64 ಬಿಟ್ಟಿನ ಆರ್ಮ್ ನುಡಿಯಲ್ಲಾದರೋ ಪ್ರತಿಯೊಂದು ಆದೇಶವೂ ಸರಿಯಾಗಿ 4 ಬೈಟು. ಒಂದರ ಆದೇಶ ಇನ್ನೊಂದಕ್ಕೆ ಅರ್ಥವಿಲ್ಲದ ಅಂಕಿಗಳ ಸಾಲು.

ಆಪಲ್ ಸಂಸ್ಥೆಯ ಮ್ಯಾಕ್ ಕಂಪ್ಯೂಟರುಗಳು ಮೂರು ಬಾರಿ ನುಡಿ ಬದಲಿಸಿವೆ: 1994ರಲ್ಲಿ ಮೊಟೊರೊಲಾದ 68000 ವಂಶದಿಂದ ಪವರ್‌ಪಿಸಿಗೆ, 2006ರಲ್ಲಿ ಅಲ್ಲಿಂದ ಇಂಟೆಲ್‌ಗೆ, 2020ರ ನವೆಂಬರಿನಲ್ಲಿ ಆರ್ಮ್ ನುಡಿಯ ಎಂ1 ಪ್ರೊಸೆಸರಿಗೆ. ಹಳೆಯ ತಂತ್ರಾಂಶಗಳು ಒಮ್ಮೆಲೇ ನಿರುಪಯುಕ್ತವಾಗದಿರಲೆಂದು ಈ ಕೊನೆಯ ಬಾರಿ ‘ರೊಸೆಟ್ಟಾ 2’ ಎಂಬ ದುಭಾಷಿಯನ್ನು ಆಪಲ್ ಒದಗಿಸಿತು. ಇದು ಇಂಟೆಲ್ ಆದೇಶಗಳನ್ನು ಬಹುಮಟ್ಟಿಗೆ ಮುಂಚಿತವಾಗಿಯೇ ಆರ್ಮ್ ಆದೇಶಗಳಾಗಿ ಅನುವಾದಿಸಿಡುತ್ತದೆ. ಪತ್ರ ಬರೆಯುವ ತಂತ್ರಾಂಶಕ್ಕೆ ಇಷ್ಟು ಸಾಕು. ಸಂಗೀತದ ಸಂಗತಿ ಅಷ್ಟು ಸುಲಭವಲ್ಲ.

ಸಂಗೀತದ ಮುಖ್ಯ ತಂತ್ರಾಂಶ ಒಂದು ಮನೆಯಿದ್ದಂತೆ. ವಾದ್ಯಗಳನ್ನೂ ಪ್ರತಿಧ್ವನಿಯನ್ನೂ ಒದಗಿಸುವ ‘ಪ್ಲಗ್-ಇನ್’ ಎಂಬ ಕಿರು ತಂತ್ರಾಂಶಗಳು ಅದರ ಅತಿಥಿಗಳು. ಅವನ್ನು ರಚಿಸಿದವರು ಬೇರೆ ಬೇರೆ. ಕಂಪ್ಯೂಟರಿನಲ್ಲಿ ಧ್ವನಿ ಎಂದರೆ ಅಳತೆಗಳ ಸಾಲು. ಸೆಕೆಂಡಿಗೆ 48,000 ಅಳತೆಗಳಂತೆ ಧ್ವನಿ ಹರಿಯುವಾಗ, 128 ಅಳತೆಗಳ ಒಂದು ಕಂತನ್ನು ಸಿದ್ಧಪಡಿಸಲು ದೊರೆಯುವ ಕಾಲ 128 ÷ 48,000, ಎಂದರೆ ಸುಮಾರು 2.7 ಮಿಲಿಸೆಕೆಂಡು. ತಡವಾದರೆ ಧ್ವನಿ ತುಂಡಾಗಿ ಚಿಟಚಿಟ ಸದ್ದು ಕೇಳಿಸುತ್ತದೆ. ಈ ಅವಸರದ ನಿಮಿತ್ತವಾಗಿಯೇ ಅತಿಥಿಗಳನ್ನು ಸಾಮಾನ್ಯವಾಗಿ ಮನೆಯೊಳಗೇ, ಮುಖ್ಯ ತಂತ್ರಾಂಶದ ಅಂಗವೆಂಬಂತೆ, ಇರಿಸಿಕೊಳ್ಳಲಾಗುತ್ತದೆ. ಆದರೆ ಒಂದೇ ಮನೆಯಲ್ಲಿ ಎರಡು ನುಡಿ ನಡೆಯದು. ಮುಖ್ಯ ತಂತ್ರಾಂಶ ಆರ್ಮ್ ನುಡಿಗೆ ಬಂದೊಡನೆ ಇಂಟೆಲ್ ನುಡಿಯ ಅತಿಥಿಗೆ ಒಳಗೆ ಸ್ಥಳವಿಲ್ಲ.

ಇದಕ್ಕೆ ಪರಿಹಾರಗಳು ಮೂರು. ಮೊದಲನೆಯದು, ಮನೆಯನ್ನೂ ಅತಿಥಿಗಳನ್ನೂ ಒಟ್ಟಾಗಿ ದುಭಾಷಿಯ ವಶಕ್ಕೆ ಕೊಡುವುದು; ಆಗ ಹೊಸ ಪ್ರೊಸೆಸರಿನ ವೇಗದಲ್ಲಿ ಒಂದು ಪಾಲು ನಷ್ಟವಾಗುತ್ತದೆ. ಎರಡನೆಯದು, ಹಳೆಯ ಅತಿಥಿಯನ್ನು ಮಾತ್ರ ಹೊರಮನೆಯಲ್ಲಿರಿಸಿ ಧ್ವನಿಯನ್ನು ಅತ್ತಿತ್ತ ಸಾಗಿಸುವುದು. ಆಪಲ್‌ನ ಲಾಜಿಕ್ ಪ್ರೊ ಹೀಗೆ ಮಾಡಬಲ್ಲುದು. ಮೂರನೆಯದೇ ಸ್ಥಿರವಾದ ಪರಿಹಾರ: ರಚಿಸಿದವರೇ ತಮ್ಮ ತಂತ್ರಾಂಶವನ್ನು ಹೊಸ ನುಡಿಗೆ ಮತ್ತೆ ಸಿದ್ಧಪಡಿಸುವುದು. ಏಬಲ್ಟನ್ ಲೈವ್ ಎಂಬ ಪ್ರಸಿದ್ಧ ತಂತ್ರಾಂಶ ಹೀಗೆ ಸಿದ್ಧವಾದದ್ದು 2022ರಲ್ಲಿ, ತನ್ನ 11.1ನೆಯ ಆವೃತ್ತಿಯಲ್ಲಿ. ಮೈಕ್ರೊಫೋನನ್ನು ಕಂಪ್ಯೂಟರಿಗೆ ಜೋಡಿಸುವ ಉಪಕರಣಗಳ ಚಾಲಕ ತಂತ್ರಾಂಶವು ಕಾರ್ಯವ್ಯವಸ್ಥೆಯ ಗರ್ಭದಲ್ಲಿ ಕೆಲಸಮಾಡುವಂಥದಾದರೆ ರೊಸೆಟ್ಟಾ ಅದನ್ನು ಅನುವಾದಿಸುವುದೇ ಇಲ್ಲ. ಅಲ್ಲಿ ಮೂರನೆಯ ದಾರಿಯೊಂದೇ ಗತಿ.

ದುಭಾಷಿಯ ಸೇವೆಯೂ ಶಾಶ್ವತವಲ್ಲ. 2006ರ ಮೊದಲ ರೊಸೆಟ್ಟಾವನ್ನು 2011ರ ‘ಲಯನ್’ ಆವೃತ್ತಿಯಲ್ಲಿ ಕೈಬಿಡಲಾಯಿತು. ರೊಸೆಟ್ಟಾ 2 ಕೂಡ ಮ್ಯಾಕ್ ಓಎಸ್ 27ರ ಅನಂತರ ಕೆಲವು ಹಳೆಯ ಆಟಗಳಿಗೆ ಸೀಮಿತವಾಗುವುದೆಂದು ಆಪಲ್ 2025ರಲ್ಲಿ ಪ್ರಕಟಿಸಿತು. ರಚಿಸಿದ ಸಂಸ್ಥೆಯೇ ಮುಚ್ಚಿಹೋಗಿದ್ದರೆ ಆ ಪ್ಲಗ್-ಇನ್ನಿಗೆ ಹೊಸ ನುಡಿ ಕಲಿಸುವವರಾರು?

ಆಗ ನಷ್ಟವಾಗುವುದು ತಂತ್ರಾಂಶವೊಂದೇ ಅಲ್ಲ, ಅದನ್ನು ನೆಚ್ಚಿ ಕಟ್ಟಿದ ಹಾಡೂ ಹೌದು. ಹಾಡಿನ ಕಡತದಲ್ಲಿ ಇಂಥ ವಾದ್ಯಗಳ ಧ್ವನಿಯಿರುವುದಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಬಲವಾಗಿ, ಯಾವ ವಾದ್ಯದಲ್ಲಿ ಎಂಬ ಸೂಚನೆಗಳಿರುತ್ತವೆ. ಅದು ಸ್ವರಲಿಪಿಯಿದ್ದಂತೆ, ವೀಣೆಯೇ ಇಲ್ಲದಾಗ ಲಿಪಿಯಿಂದ ನಾದ ಹೊರಡದು. ಆದುದರಿಂದ ಹಳೆಯ ಕಂಪ್ಯೂಟರನ್ನು ಬಿಡುವ ಮುನ್ನ ಪ್ರತಿಯೊಂದು ವಾದ್ಯದ ಭಾಗವನ್ನೂ ಬೇರೆ ಬೇರೆಯಾಗಿ, ಎಲ್ಲವೂ ಹಾಡಿನ ಮೊದಲ ಕ್ಷಣದಿಂದಲೇ ಆರಂಭವಾಗುವಂತೆ, ವೇವ್ ಕಡತಗಳಾಗಿ ಮುದ್ರಿಸಿಡಬೇಕು. ಸ್ವರಗಳನ್ನು ಮಿಡಿ ಕಡತವಾಗಿಯೂ ಉಳಿಸಬೇಕು. ವೇವ್ ಕಡತದಲ್ಲಿರುವುದು ಧ್ವನಿಯ ಅಳತೆಗಳು. ಯಾವ ಪ್ರೊಸೆಸರಿಗೂ ಕೊಟ್ಟ ಆದೇಶಗಳಲ್ಲ. ಆ ಅಳತೆಗಳನ್ನು ಬರೆದಿಡುವ ಕ್ರಮ ಎಲ್ಲರಿಗೂ ತಿಳಿದದ್ದೇ ಆದುದರಿಂದ, ನಾಳೆ ಮತ್ತೊಂದು ನುಡಿಯ ಪ್ರೊಸೆಸರು ಬಂದರೂ ಹಾಡನ್ನು ಮತ್ತೆ ಕೇಳಬಹುದು.